ತಿರುವಿನಲ್ಲಿ ಹಾಸಿದ ಗಾದಿ

ಏಳು ಗುಡ್ಡ ಹತ್ತಿ, ಎಂಟನೆಯದನ್ನು ಹತ್ತಲಾರದೆ ಉಸ್ಸಪ್ಪಾ ಅಂತ ಕೂತರೆ ಕೆಳಗೊಂದು ರಾಜ್ಯ ಕಾಣುತ್ತದೆ. ಆ ರಾಜ್ಯಕ್ಕೆ ಉದ್ದಂಡರಾಯ ಅಂತ ಒಬ್ಬ ಅರಸು. ಅವನ ಮೀಸೆ ಎಷ್ಟು ಉದ್ದ ಅಂದರೆ, ಬಲಗಡೆ ತುದಿ ಮಳೆಯಲ್ಲಿ ನೆನೆದ ಸುದ್ದಿ ಎಡಗಡೆ ತುದಿಗೆ ಮುಟ್ಟೋ ಹೊತ್ತಿಗೆ ಮಳೆಯೇ ನಿಂತಿರುತ್ತಿತ್ತು. ನಗಬೇಡಿ, ನಾನೇ ಅಳೆದು ಬಂದಿದ್ದೇನೆ.

ಅರಮನೆಯ ಮುಂದೆ ಕೋಳಿಮೊಟ್ಟೆ ಆಕಾರದ ಒಂದು ಬಯಲು. ಬಯಲಿನ ಸುತ್ತ ಕಲ್ಲುಗೋಡೆ. ಗೋಡೆಯ ಒಳಗೆ ವರ್ಷಕ್ಕೊಮ್ಮೆ ಕುದುರೆ ರಥಗಳ ಓಟ. ಮೂಲೆ ಇದ್ದರಲ್ಲವೇ ಕುದುರೆಯನ್ನು ತಡೆಯೋದು? ಮೊಟ್ಟೆಗೆ ಮೂಲೆಯೇ ಇಲ್ಲ. ಹೊರಟ ರಥ ಹೊರಟಿದ್ದೇ. ಸುತ್ತಿದಷ್ಟೂ ಬಿರುಸು.

ಆ ಓಟಕ್ಕೆ ಅರಸನ ಅಜ್ಜನ ಕಾಲದ ಕಟ್ಟಳೆಗಳಿದ್ದವು. ಗಾದಿ ಎಲ್ಲಿ ಹಾಸುತ್ತಾರೋ ಅರಸು ಅಲ್ಲೇ ಕೂರಬೇಕು. ಓಟ ಮುಗಿಯುವ ತನಕ ಏಳಬಾರದು. ಎದ್ದರೆ ಸಿಂಹಾಸನದಿಂದಲೇ ಎದ್ದ ಹಾಗೆ. ಅರಸಿನ ಪಕ್ಕದಲ್ಲಿ ಕೊಂಬಿನವನು ನಿಂತಿರಬೇಕು. ಅವನು ಗಿಡ್ಡಗೆ ಊದಿದರೆ ಬಿರುಸು, ಉದ್ದಕ್ಕೆ ಊದಿದರೆ ನಿಧಾನ.

ಉದ್ದಂಡರಾಯ ಇದಕ್ಕೆ ತನ್ನದೂ ಒಂದು ಸೇರಿಸಿದ. ಬಯಲಿನಲ್ಲಿ 'ನಿಧಾನ' ಅನ್ನೋ ಮಾತು ಯಾರ ಬಾಯಲ್ಲಿ ಬಂದರೂ, ಓಟಕ್ಕೆ ಯಾರು ಹಿಂಜರಿದರೂ ಅವರ ಕೈಗೆ ಬಳೆ ತೊಡಿಸಿ ಊರು ಸುತ್ತಿಸಬೇಕು! ಅದಕ್ಕೆಂದೇ ಗಾದಿಯ ಪಕ್ಕ ಒಂದು ಬೆಳ್ಳಿ ತಟ್ಟೆ, ತಟ್ಟೆ ತುಂಬ ಗಾಜಿನ ಬಳೆ. ಕೊಂಬಿನ ಉದ್ದ ಕೂಗು ಕೇಳಿ ವರ್ಷಗಳೇ ಆಗಿದ್ದವು.

ಗಾದಿ ಹಾಸುವ ಊಳಿಗ ಚೆಲುವಾಜಮ್ಮನದು. ಅವಳಿಗೆ ಮೂವರು ಗಂಡುಮಕ್ಕಳು. ಕೆಂಚ, ಬೊಮ್ಮ, ಮಾಯಿಗ. ಮೂವರೂ ರಥ ಹೊಡೆಯುವವರೇ.

ಮೊದಲ ವರ್ಷ ಅರಸು ಮಾಳಿಗೆಯ ಮೇಲೆ ಕೂತು ಆಕಳಿಸಿದ.

"ಏನಯ್ಯಾ ಇದು, ಮದುವೆ ದಿಬ್ಬಣ ಹೋದ ಹಾಗೆ ಹೋಗ್ತಿದೆ! ಆ ಚಕ್ರಗಳಿಗೆ ಹಲಗೆ ಯಾಕೆ?"

"ಚಕ್ರಕ್ಕೆ ಚಕ್ರ ತಾಗದ ಹಾಗೆ ಮರೆ, ಬುದ್ಧಿ," ಅಂದ ಮಾಳಿಗೆಯ ಕೆಳಗೆ ರಥ ನಿಲ್ಲಿಸಿದ್ದ ಕೆಂಚ.

"ಭಾರ! ಕೀಳ್ರಿ ಅದನ್ನ."

ಕಿತ್ತರು. ರಥ ಹಗುರಾಯಿತು. ಓಟ ಬಿರುಸಾಯಿತು. ಮೊಟ್ಟೆಯ ಚೂಪು ತುದಿಯ ತಿರುವಿನಲ್ಲಿ ಹಿಂದಿನ ರಥದ ಬರೀ ಚಕ್ರ ಮುಂದಿನ ರಥದ ಬರೀ ಚಕ್ರಕ್ಕೆ ತಾಗಿತು. ತಿರುಗೋ ಚಕ್ರ ತಿರುಗೋ ಚಕ್ರವನ್ನು ಏರಿತು. ಕೆಂಚನ ರಥ ಹಾರಿತು.

ಇಲ್ಲಿ ನಾನು ಏನನ್ನೂ ಸೇರಿಸುವುದಿಲ್ಲ. ಕೆಂಚ ಸತ್ತ. ಅವನ ಹೆಂಡತಿಯ ಬಳೆಗಳನ್ನು ಆ ತಿರುವಿನ ಗೋಡೆಗೇ ಒಡೆದರು.

ಎರಡನೆಯ ವರ್ಷ ಅರಸು ಮತ್ತೆ ಆಕಳಿಸಿದ.

"ತಿರುವಿನಲ್ಲಿ ಗೋಡೆಗೆ ಹುಲ್ಲಿನ ಹೊರೆ ಯಾಕೆ ಒರಗಿಸಿದ್ದೀರಿ? ಇದೇನು ದನದ ಕೊಟ್ಟಿಗೆಯೋ?"

"ರಥ ತಪ್ಪಿದರೆ ಹುಲ್ಲಿನ ಮೇಲೆ ಬೀಳಲಿ ಅಂತ, ಬುದ್ಧಿ," ಅಂದ ಬೊಮ್ಮ.

"ಬೀಳೋ ಯೋಚನೆ ಇರೋನು ರಥ ಯಾಕೆ ಹತ್ತಬೇಕು? ತೆಗೀರಿ, ದಾರಿ ಅಗಲ ಆಗಲಿ."

ತೆಗೆದರು. ದಾರಿ ಅಗಲವಾಯಿತು. ಓಟ ಇನ್ನೂ ಬಿರುಸಾಯಿತು. ಬೊಮ್ಮನ ರಥ ತಪ್ಪಿತು. ಹುಲ್ಲಿದ್ದ ಜಾಗದಲ್ಲಿ ಕಲ್ಲಿತ್ತು. ಬೊಮ್ಮನೂ ಸತ್ತ. ಅವನ ಹೆಂಡತಿಯ ಬಳೆಗಳೂ ಅಲ್ಲೇ ಒಡೆದವು.

ಎರಡು ಸಲವೂ ಅರಸು ಮೇಲಿನಿಂದ ಮಲ್ಲಿಗೆ ಹಾರ ಕಳಿಸಿದ. ತಾನು ಮಾತ್ರ ಇಳಿದು ಬರಲಿಲ್ಲ. ಮಾಳಿಗೆಯಿಂದ ನೋಡಿದರೆ ತಿರುವಿನಲ್ಲಿ ಕಾಣೋದು ಧೂಳು. ದೂರದ ಧೂಳು ಯಾರಿಗೆ ಚೆಂದ ಕಾಣೋದಿಲ್ಲ ಹೇಳಿ?

ಮೂರನೆಯ ವರ್ಷ ಅರಸು ಓಟಕ್ಕೆ ಮೊದಲೇ ಆಕಳಿಸಿದ. "ಈ ಸಲ ಎರಡರಷ್ಟು ರಥ ಬಿಡಿ. ಮೈಗೆ ಮೈ ಉಜ್ಜಲಿ. ಆಗ ನೋಡಿ ಮಜಾ!"

ಆ ಸಂಜೆ ಚೆಲುವಾಜಮ್ಮ ಮಾಯಿಗನ ಮುಂದೆ ಮುದ್ದೆ ಇಟ್ಟು ಕೂತಳು. ಮಾಯಿಗನ ಹೆಂಡತಿ ರಂಗಿ ತುಂಬಿದ ಬಸುರಿ. ಅವಳ ಕೈ ತುಂಬ ಹಸಿರು ಬಳೆ.

"ನಾಳೆ ಹೋಗಬೇಡ ಕಣೋ," ಅಂದಳು ತಾಯಿ.

"ಹೋಗದಿದ್ದರೆ ಬಳೆ ತೊಡಿಸ್ತಾರೆ, ಅವ್ವಾ."

"ತೊಟ್ಟರೆ ಕೈ ಉದುರಿ ಹೋಗುತ್ತಾ? ಬಳೆ ತೊಟ್ಟ ಕೈಯಲ್ಲೇ ಅಲ್ವೇನೋ ನಿಮ್ಮ ಮೂವರನ್ನೂ ಎತ್ತಿ ಆಡಿಸಿದ್ದು?"

ಮಾಯಿಗ ಮುದ್ದೆ ಮುರಿಯಲಿಲ್ಲ. "ಅದಲ್ಲ ಅವ್ವಾ. ನಾನು ಬಿಟ್ಟರೆ ಇನ್ನೊಬ್ಬಳ ಮಗ ಹತ್ತುತ್ತಾನೆ. ತಿರುವು ಅಲ್ಲೇ ಇರುತ್ತಲ್ಲ?"

ತಾಯಿ ಮನಸ್ಸಿನಲ್ಲೇ ಅಂದುಕೊಂಡಳು: ಹೌದಲ್ಲ, ತಿರುವು ಅಲ್ಲೇ ಇರುತ್ತೆ.

ಬೆಳಿಗ್ಗೆ ಗಾದಿ ಹೊತ್ತು ಹೊರಟಳು. ಮಾಳಿಗೆಯ ಮೆಟ್ಟಿಲು ಬಂತು, ಹತ್ತಲಿಲ್ಲ. ನೆರಳಿನ ಚಪ್ಪರ ಬಂತು, ನಿಲ್ಲಲಿಲ್ಲ. ತಿರುವು ಬಂತು. ಗೋಡೆಯ ಬುಡದಲ್ಲಿ ಗಾದಿ ಹಾಸಿ, ಪಕ್ಕದಲ್ಲಿ ಬಳೆಯ ತಟ್ಟೆ ಇಟ್ಟಳು.

ಅರಸು ಬಂದ. ಗಾದಿ ನೋಡಿದ. ಮೀಸೆ ಅಲುಗಿತು.

"ಏನೇ ಮುದುಕಿ, ತಲೆ ಕೆಟ್ಟಿದೆಯಾ?"

ಚೆಲುವಾಜಮ್ಮ ಕೈ ಮುಗಿದು ಊರಿಗೆಲ್ಲ ಕೇಳೋ ಹಾಗೆ ಹೇಳಿದಳು. "ತಪ್ಪಾಯ್ತು ಬುದ್ಧಿ! ಮೇಲೆ ಕೂತರೆ ಬಿರುಸು ಕಣ್ಣಿಗೆ ಕಾಣುತ್ತೆ ಅಷ್ಟೆ, ಇಲ್ಲಿ ಕೂತರೆ ಮೈಗೇ ತಾಗುತ್ತೆ. ನಮ್ಮ ಅರಸಿಗೆ ಭಯ ಗೊತ್ತಿಲ್ಲ ಅಂದ್ಕೊಂಡೆ. ಭಯ ಆದರೆ ಈಗಲೇ ಹೇಳಿಬಿಡಿ, ಸುತ್ತಿ ಎತ್ಕೊಂಡು ಹೋಗ್ತೀನಿ."

"ನಮ್ಮ ಅರಸಿಗೆ ಭಯವೇ!" ಅಂತ ಜನ ಜಯಕಾರ ಹಾಕಿದರು. ಮಂತ್ರಿ ಮೆಲ್ಲಗೆ ಕೆಮ್ಮಿದ. "ಹಾಸಾಗಿದೆ, ಪ್ರಭು. ಕಟ್ಟಳೆ."

ಅರಸು ಕೂತ. ಚೆಲುವಾಜಮ್ಮ ಪಕ್ಕದಲ್ಲೇ ಬರೀ ನೆಲದ ಮೇಲೆ ಕೂತಳು.

ಕೊಂಬು ಗಿಡ್ಡಗೆ ಕೂಗಿತು. ರಥಗಳು ಹೊರಟವು.

ಮೊದಲ ಸುತ್ತಿಗೆ ಗಾಳಿ ಬೀಸಿ ಅರಸಿನ ಪೇಟ ಹಾರಿತು. "ಭಲೇ!" ಅಂದ, ಬರಿತಲೆಯ ಮೇಲೆ ಕೈ ಇಟ್ಟುಕೊಂಡು.

ಎರಡನೆಯ ಸುತ್ತಿಗೆ ಚಕ್ರ ಚಿಮ್ಮಿಸಿದ ಕಲ್ಲಿನ ಚೂರು ಕೆನ್ನೆ ಸೀಳಿತು. ಅರಸು ಏಳಲು ಹೋದ.

"ಏಳಬಾರದು, ಬುದ್ಧಿ."

ತಲೆ ತಗ್ಗಿಸಿದ. ಗೋಡೆಯ ಬುಡದಲ್ಲಿ ಏನೋ ಮಿನುಗಿತು. "ಇದೇನಮ್ಮ ಹೊಳೆಯೋದು?"

"ಕೆಂಪು ಚೂರು ನನ್ನ ಹಿರೀ ಸೊಸೇದು. ನೀಲಿ ಚೂರು ನಡುವಿನವಳದು. ಹಸಿರಿನದು ಇನ್ನೂ ಕೈಯಲ್ಲಿದೆ."

ಮೂರನೆಯ ಸುತ್ತು. ರಥಗಳೆಲ್ಲ ಒಂದೇ ಗುಂಪಾಗಿ ತಿರುವಿಗೆ ಬಂದವು. ನಡುವೆ ಮಾಯಿಗ. ಅವನ ಚಕ್ರಕ್ಕೂ ಪಕ್ಕದ ಚಕ್ರಕ್ಕೂ ಬೆರಳು ತೂರುವಷ್ಟೇ ಜಾಗ. ಅಲ್ಲಿಯವರೆಗೆ ಅರಸು ಓಟದಲ್ಲಿ ರಥ ನೋಡಿದ್ದ, ಕುದುರೆ ನೋಡಿದ್ದ, ಧೂಳು ನೋಡಿದ್ದ. ರಥ ಹೊಡೆಯುವವನ ಮುಖ ನೋಡಿರಲಿಲ್ಲ. ಈಗ ನೋಡಿದ. ಆ ಮುಖ ತನ್ನ ಮೇಲೇ ಬರುತ್ತಿತ್ತು. ಅದರ ತುಟಿ 'ಅವ್ವಾ' ಅನ್ನುತ್ತಿತ್ತು.

"ನಿಧಾನ!" ಅಂತ ಅರಸು ಚೀರಿದ. "ನಿಧಾನ ಕಣ್ರೋ! ಊದೋ, ಉದ್ದಕ್ಕೆ ಊದೋ!"

ಕೊಂಬಿನವನಿಗೆ ಆ ಕೂಗು ಮರೆತೇ ಹೋಗಿತ್ತು. ಆದರೂ ಊದಿದ. ಲಗಾಮುಗಳು ಬಿಗಿದವು. ಚಕ್ರದಿಂದ ಚಕ್ರ ದೂರವಾಯಿತು. ಮಾಯಿಗನ ರಥ ಗೋಡೆಗೆ ಉಜ್ಜುತ್ತಾ ಬಂದು, ಗಾದಿಯ ಅಂಚಿಗೆ ನಿಂತಿತು. ಒಂದು ಚಕ್ರ ಮಾತ್ರ ತನ್ನಷ್ಟಕ್ಕೆ ಕಿರುಗುಟ್ಟಿ ನಿಂತಿತು.

ಚೆಲುವಾಜಮ್ಮ ಎದ್ದು ಬೆಳ್ಳಿ ತಟ್ಟೆ ಮುಂದೆ ಹಿಡಿದಳು.

"ಕಟ್ಟಳೆ, ಬುದ್ಧಿ."

ಅರಸು ಮುಷ್ಟಿ ಬಿಗಿದ.

"ಮುಷ್ಟಿ ಬಿಡಿ. ಬಿಗಿ ಹಿಡಿದರೆ ಬಳೆ ಒಡೆದು ಕೈ ಕೊಯ್ಯುತ್ತೆ. ಇದಕ್ಕೆ ನಿಧಾನವೇ ಬೇಕು."

ಅರಸು ಮುಷ್ಟಿ ಬಿಟ್ಟ. ಅವಳು ಮೆಲ್ಲಗೆ, ಮಗುವಿಗೆ ತೊಡಿಸುವ ಹಾಗೆ ತೊಡಿಸಿದಳು. ಯಾರೂ ನಗಲಿಲ್ಲ. ನಾನೂ ನಗಲಿಲ್ಲ, ಯೋಚನೆ ಮಾಡಿ.

ಅರಸು ತನ್ನ ಕಟ್ಟಳೆಯಂತೆ ಊರು ಸುತ್ತಿದ. ಇಬ್ಬರು ವಿಧವೆಯರ ಬಾಗಿಲಿಗೆ ಬಂದಾಗ ಕಾಲು ನಿಂತವು. ಕೈ ಮುಗಿದ. ಬಳೆ ಸದ್ದು ಮಾಡಿತು. ಬರಿಗೈಯ ಆ ಇಬ್ಬರು ಅದನ್ನು ಕೇಳಿಸಿಕೊಂಡು ಬಾಗಿಲು ಹಾಕಿಕೊಂಡರು.

ಮರುದಿನವೇ ಚಕ್ರಕ್ಕೆ ಹಲಗೆ ಬಂತು. ಗೋಡೆಗೆ ಹುಲ್ಲು ಬಂತು. ಹೆಚ್ಚಿಗೆ ಬಿಟ್ಟಿದ್ದ ರಥಗಳು ಕೊಟ್ಟಿಗೆ ಸೇರಿದವು. ಓಟ ನಿಲ್ಲಲಿಲ್ಲ. ಗೆಲ್ಲುವವರು ಗೆದ್ದರು, ಸೋತವರು ಮನೆಗೆ ಹೋಗಿ ಉಂಡರು. ಮಾಯಿಗನ ಮಗಳು ದೊಡ್ಡವಳಾಗಿ, ಅಜ್ಜಿಯ ಬದಲು ಗಾದಿ ಹಾಸಿದಳು. ಪ್ರತಿ ವರ್ಷವೂ ತಿರುವಿನಲ್ಲೇ.

ಕೆಂಚ, ಬೊಮ್ಮ ಮಾತ್ರ ತಿರುಗಿ ಬರಲಿಲ್ಲ. ಎಷ್ಟೋ ಸುಳ್ಳು ಬಲ್ಲ ನನಗೂ ಅವರನ್ನು ತರಲು ಆಗಲಿಲ್ಲ.

ಮೀಸೆಯ ವಿಷಯ ಬೇಕಾದರೆ ನಂಬಿ, ಬೇಡವಾದರೆ ಬಿಡಿ. ತಿರುವಿನ ವಿಷಯ ನಂಬಿ. ನೀತಿ ಇಷ್ಟೇ: ಇನ್ನೊಬ್ಬರ ಪ್ರಾಣದ ಮೇಲೆ ಬಿರುಸು ಬೇಡುವವನು ಮೊದಲು ತಿರುವಿನಲ್ಲಿ ಕೂತು ನೋಡಬೇಕು. 'ನಿಧಾನ' ಅನ್ನಲು ಅಂಜುವವನೇ ಹೇಡಿ, ಅಂದವನಲ್ಲ.