ಹಲ್ಲಿ ಹೇಳಿದ ಬಾಗಿಲು

ಉಗ್ರಾಣದ ಹಲ್ಲಿ ಲೊಚಗುಟ್ಟಿದ ಮಾತು ಸುಳ್ಳಾಗದೆಂದು ಆ ಮನೆಯ ಇಲಿಗಳು ನಂಬಿದ್ದವು. ಹಲ್ಲಿಯೂ ನಂಬಿತ್ತು.

ಒಂದು ದಿನ ಬಾಣಂತಿ ಇಲಿಯೊಂದು ಬಂದು ಕೇಳಿತು: "ಅಜ್ಜಿ, ಯಾರೂ ಮುಟ್ಟದಿದ್ದರೆ ಈ ಉಗ್ರಾಣದ ಬಾಗಿಲು ತೆರೆದೇ ಇರುತ್ತದೋ, ಮುಚ್ಚಿಕೊಳ್ಳುತ್ತದೋ? ನಾನು ಒಳಗೆ ಸಿಕ್ಕಿಕೊಂಡರೆ ಮರಿಗಳು ಹಸಿದು ಸಾಯುತ್ತವೆ."

"ಇದೂ ಒಂದು ಪ್ರಶ್ನೆಯೇ? ಹುಟ್ಟಿದಾಗಿನಿಂದ ನೋಡುತ್ತಿದ್ದೇನೆ, ತೆರೆದೇ ಇರುತ್ತದೆ. ಧೈರ್ಯವಾಗಿ ಹೋಗು, ಮಗಳೇ," ಎಂದು ಹಲ್ಲಿ ಲೊಚಗುಟ್ಟಿತು.

ಇಲಿ ಕಾಳು ಕಚ್ಚಿಕೊಂಡು ಹೊರಬರುವಷ್ಟರಲ್ಲಿ ಗಾಳಿ ಬೀಸಿ ಬಾಗಿಲು ತಾನಾಗಿ ಮುಚ್ಚಿಕೊಂಡಿತು. ಇಲಿ ಹಾರಿ ಬದುಕಿತು. ಬಾಲ ಸಂದಿಯಲ್ಲಿ ತುಂಡಾಯಿತು.

ಹಲ್ಲಿ ಗಾಬರಿಯಿಂದ ಕೆಳಗಿಳಿದು ನೋಡಿತು. ನೆಲದ ಮೇಲೆ ಕಲ್ಲಿಟ್ಟ ಗುರುತಿತ್ತು. ಇಷ್ಟು ವರ್ಷ ಬಾಗಿಲನ್ನು ತಡೆದು ನಿಲ್ಲಿಸಿದ್ದು ಆ ಕಲ್ಲು. ಮನೆಯೊಡತಿ ಅದನ್ನು ಬೆಳಿಗ್ಗೆ ಉಪ್ಪಿನಕಾಯಿಯ ಮೇಲೆ ಹೇರಲು ಒಯ್ದಿದ್ದಳು. ಹಲ್ಲಿ ಕೂರುವ ಗೋಡೆಯ ಮೇಲಿನಿಂದ ಕಲ್ಲು ಕಾಣುತ್ತಿರಲಿಲ್ಲ. ಹಲ್ಲಿ ಒಮ್ಮೆಯೂ ಇಳಿದು ನೋಡಿರಲಿಲ್ಲ.

"ತಪ್ಪಾಯಿತು ಮಗಳೇ," ಎಂದಿತು ಹಲ್ಲಿ, ತಲೆ ಎತ್ತದೆ. "ಬಾಲ ತಾನೆ, ಮತ್ತೆ ಬೆಳೆಯುತ್ತದೆ."

"ನಿಮ್ಮದು ಬೆಳೆಯುತ್ತದೆ, ಅಜ್ಜಿ," ಎಂದಷ್ಟೇ ಹೇಳಿ ಇಲಿ ಮರಿಗಳ ಕಡೆಗೆ ನಡೆಯಿತು.

ಹಲ್ಲಿಗೆ ಮತ್ತೆ ಗೋಡೆ ಹತ್ತುವ ಮುಖ ಉಳಿಯಲಿಲ್ಲ.