ತಿರುಗಿ ನೋಡು ಎಂದ ತಾಯಿ

ಹೊಳೆಮಡುವಿನ ಪೂಜ್ಯ ನೀಲವ್ವ ತಾಯಿಯವರಿಗೆ ಮಠವಿರಲಿಲ್ಲ, ಗದ್ದುಗೆಯಿರಲಿಲ್ಲ. ನದಿಯ ಮೆಟ್ಟಿಲ ಮೇಲಿನ ಮುರುಕು ಮಂಟಪವೇ ಅವರ ವಾಸಸ್ಥಾನ, ಕೊಕ್ಕೆ ಕಟ್ಟಿದ ಬಿದಿರಿನ ಗಳವೇ ಅವರ ದಂಡ. ಆ ಗಳದಿಂದ ತಾಯಿಯವರು ದಿನವೂ ಹೊಳೆಯೊಳಗಿನ ಬಟ್ಟೆಗಳನ್ನು ಎಳೆದೆಳೆದು ದಡಕ್ಕೆ ಹಾಕುತ್ತಿದ್ದರು. ಮೂವತ್ತು ವರ್ಷ ಅಲ್ಲಿ ಹರಿಗೋಲು ನಡೆಸಿದ ನಾನು ಇದನ್ನು ಕಣ್ಣಾರೆ ಕಂಡಿದ್ದೇನೆ.

ಬಟ್ಟೆ ಯಾರದೆಂದಿರಾ? ನಮ್ಮೂರು ನೋಡಲು ಬರುವ ಪುಣ್ಯವಂತರದು! ಬರುತ್ತಾರೆ, ಹರಿಗೋಲಿನಲ್ಲಿ ಕೂತು ನಡುಗಡ್ಡೆಯ ಗುಡಿ ನೋಡುತ್ತಾರೆ, ಬಂಡೆಯ ಮೇಲೆ ಮಿರ್ಚಿ ಮಂಡಕ್ಕಿ ತಿನ್ನುತ್ತಾರೆ. ಆಮೇಲೆ ಮುಳುಗು ಹಾಕಿ, ಉಟ್ಟ ಬಟ್ಟೆಯನ್ನು ನೀರಲ್ಲೇ ಬಿಟ್ಟು, ತಿರುಗಿ ನೋಡದೆ ಮೆಟ್ಟಿಲು ಹತ್ತುತ್ತಾರೆ. ತಿರುಗಿ ನೋಡಿದರೆ ಕಳೆದ ಪಾಪ ಬೆನ್ನು ಹತ್ತುತ್ತದಂತೆ. ಹೊಳೆಯೇನು ಇವರಪ್ಪನ ಮನೆಯ ಹಿತ್ತಲೇ? ಕೇಳಿದರೆ ಪದ್ಧತಿ ಎನ್ನುತ್ತಾರೆ. ಪದ್ಧತಿಯಂತೆ, ಪದ್ಧತಿ! ನನಗೆ ಮೈಯೆಲ್ಲ ಉರಿಯುತ್ತದೆ.

ಒಂದು ಮಾಘಮಾಸದಲ್ಲಿ ಕಲ್ಲನಗೌಡರೆಂಬವರು ಬಂದರು. ಎರಡು ವರ್ಷದ ಹಿಂದೆ ಅವರ ಹದಿನಾರರ ಮಗಳು ಶಾಂತವ್ವ ಇದೇ ಮೆಟ್ಟಿಲ ಬಳಿ ಮುಳುಗಿ ತೀರಿಕೊಂಡಿದ್ದಳು. ಮನೆಗೆ ದೋಷವಿದೆ, ಅದೇ ಹೊಳೆಯಲ್ಲಿ ಮಿಂದು ಬಟ್ಟೆ ಬಿಟ್ಟು ಬನ್ನಿರೆಂದು ಯಾವನೋ ಶಾಸ್ತ್ರ ಹೇಳುವವನು ಅವರನ್ನು ಅಟ್ಟಿದ್ದ. ಗೌಡರು ಮಿಂದರು, ಧೋತರ ಬಿಟ್ಟರು, ಒಣಬಟ್ಟೆ ಉಟ್ಟು ಮೇಲೆ ಬಂದರು. ಮಂಟಪದಲ್ಲಿ ತಾಯಿಯವರು ಹೊಳೆಗೆ ಕೈ ಮುಗಿಯುವುದನ್ನು ಕಂಡದ್ದೇ ತಡ, ಸಿಡಿದೆದ್ದರು.

"ಯಾವ ನೀರಿಗೆ ಕೈ ಮುಗೀತೀರವ್ವಾ? ನನ್ನ ಮಗಳು ಮೀನಿನಂಗ ಈಸ್ತಿದ್ಲು. ಆದ್ರೂ ಆಕೀನ್ನ ನುಂಗ್ತು! ಇದು ದೇವರೇನು? ರಾಕ್ಷಸಿ ಐತಿ, ರಾಕ್ಷಸಿ!"

ತಾಯಿಯವರು ಗಳ ಹಿಡಿದು ಎದ್ದರು. "ತಿರುಗಿ ನೋಡು."

"ಬಿಟ್ಟಿದ್ದನ್ನ ತಿರುಗಿ ನೋಡಬಾರದಂತ್ರೀ..."

"ನೋಡೋ!"

ಮೆಟ್ಟಿಲಿಗೆ ಹರಿಗೋಲು ಕಟ್ಟುತ್ತಿದ್ದ ನಾನು ಆ ಗದರಿಕೆಗೆ ತಲೆಯೆತ್ತಿ ನೋಡಿದೆ. ಆ ಮುಖದಲ್ಲಿ ಅಂಥ ಕೋಪವನ್ನು ನಾನು ಎಂದೂ ಕಂಡಿರಲಿಲ್ಲ. ತಾಯಿಯವರು ಗೌಡರ ರಟ್ಟೆ ಹಿಡಿದು ಸೊಂಟದ ಮಟ್ಟದ ನೀರಿಗೆ ಇಳಿಸಿದರು. ಗಳದಿಂದ ಅವರದೇ ಧೋತರವನ್ನು ಎಳೆದು ಅವರ ಕಾಲ ಬಳಿ ಬಿಟ್ಟರು. ಸೆಳವಿಗೆ ಅದು ಎರಡು ಸುತ್ತು ಸುತ್ತಿಕೊಂಡಿತು.

"ಈಗ ಈಸು."

ಗೌಡರು ಕಾಲೆತ್ತಲು ಹೋಗಿ ಮುಗ್ಗರಿಸಿ ಮುಳುಗಿದರು. ತಾಯಿಯವರು ಗಳ ಚಾಚಿ ಎಳೆಯದಿದ್ದರೆ ಕಥೆ ಮುಗಿದಿತ್ತು. ಅವರು ಕೆಮ್ಮುತ್ತ ಮೆಟ್ಟಿಲು ಹಿಡಿದುಕೊಂಡರು.

ಆಮೇಲೆ ತಾಯಿಯವರು ನನ್ನ ಕಡೆ ತಿರುಗಿದರು. "ಈಗ ನೀ ಹೇಳು."

ಅಯ್ಯೋ, ಬಂದವರನ್ನು ಇಷ್ಟು ಬಯ್ಯುವ ನಾನು ಎಂಥ ಹೇಡಿ! ಶಾಂತವ್ವನನ್ನು ಮೇಲೆತ್ತಿದವನು ನಾನೇ. ಎರಡೂ ಕಾಲಿಗೆ ಯಾರೋ ಬಿಟ್ಟುಹೋದ ಸೀರೆ ಬಿಗಿದಿತ್ತು. ಜನ ಹೆದರಿ ಊರಿಗೆ ಬರುವುದು ನಿಂತರೆ ನನ್ನ ಹರಿಗೋಲು ಹತ್ತುವವರು ಯಾರೆಂದು, ಕಾಲಿನ ಸೀರೆ ಬಿಚ್ಚಿ, ಅದರ ಸುದ್ದಿ ಎತ್ತದೆ ಹುಡುಗಿಯ ದೇಹವನ್ನು ತಂದೆಗೆ ಒಪ್ಪಿಸಿದ್ದೆ. ಅದನ್ನು ಮಂಟಪದಿಂದ ಕಂಡವರು ತಾಯಿಯವರೊಬ್ಬರೇ. ಅಂದು ಎಲ್ಲವನ್ನೂ ಗೌಡರ ಮುಂದೆ ಹೇಳಿಬಿಟ್ಟೆ.

ಅವರು ನನ್ನನ್ನು ಹೊಡೆಯಲಿಲ್ಲ. ಹೊಡೆದಿದ್ದರೆ ಚೆನ್ನಾಗಿತ್ತು.

"ಎಂಥಾ ಸೀರಿ?" ಎಂದರು.

"ಹಸರಂದು, ಗೌಡ್ರ."

"ಎಲ್ಲೈತಿ?"

"ಮತ್ತ ಹೊಳಿಗೇ ಒಗದುಬಿಟ್ನಿರಿ."

ಗೌಡರು ನೀರಿನ ಕಡೆ ತಿರುಗಿದರು. ಬಳಿಕ ತಾಯಿಯವರ ಪಾದ ಮುಟ್ಟಿ, ಅವರ ಕೈಯಿಂದ ಗಳ ತೆಗೆದುಕೊಂಡು ಹೊಳೆಗೆ ಇಳಿದರು. ನಾನು ಹರಿಗೋಲು ಬಿಟ್ಟು ಹಿಂದೆಯೇ ಇಳಿದೆ. ಹೊತ್ತು ಮುಳುಗುವವರೆಗೆ ಇಬ್ಬರೂ ಬಟ್ಟೆ ಎಳೆದೆವು.

ತಾಯಿಯವರು ಲಿಂಗೈಕ್ಯರಾಗಿ ಹನ್ನೊಂದು ವರ್ಷವಾಯಿತು. ಗೌಡರು ಊರಿಗೆ ಹೋಗಲೇ ಇಲ್ಲ, ಅದೇ ಮಂಟಪದಲ್ಲಿದ್ದಾರೆ. ಬಟ್ಟೆ ಬಿಟ್ಟು ಮೆಟ್ಟಿಲು ಹತ್ತುವವರನ್ನು ಅಡ್ಡಗಟ್ಟಿ "ತಿರುಗಿ ನೋಡ್ರಿ" ಎನ್ನುತ್ತಾರೆ. ಹುಚ್ಚನೆಂದು ನಗುವವರೂ ಇದ್ದಾರೆ.

ಆ ಹಸಿರು ಸೀರೆ ಇನ್ನೂ ಸಿಕ್ಕಿಲ್ಲ. ನಮ್ಮೂರಿಗೆ ಬಂದರೆ, ನಿಮ್ಮ ಮಕ್ಕಳನ್ನು ನೀರಿಗಿಳಿಸುವ ಮುಂಚೆ ನೋಡಿಕೊಂಡು ಇಳಿಸಿ.