ಬೋರವ್ವನ ಹೊಸ್ತಿಲ ಸಾರು

ಲೋಕಕ್ಕೆ ಇನ್ನೂ ಹಸಿ ಮಣ್ಣಿನ ವಾಸನೆ ಇದ್ದ ಕಾಲ ಅದು, ಮಗಾ. ಬೆಟ್ಟಗಳು ಆಗಷ್ಟೇ ಎದ್ದು ನಿಂತಿದ್ದವು. ಹೊಳೆಗಳು ಯಾವ ಕಡೆ ಹರಿಯೋಣ ಅಂತ ಒಂದನ್ನೊಂದು ಕೇಳಿಕೊಳ್ಳುತ್ತಿದ್ದವು. ಆಗ ಹೊನ್ನಿ ಅಂತ ಒಬ್ಬಳು ಪುಟ್ಟ ಹುಡುಗಿ ಇದ್ದಳು.

ಈ ಕಥೆ ನಡೆದದ್ದು ಹೊನ್ನಿಯ ಮನೆಯಲ್ಲಿ ಅಲ್ಲ, ಹೊನ್ನಿಯ ಮೈಯೊಳಗೆ.

ಮೈಯೊಳಗೆ ಒಂದು ಊರಿತ್ತು. ನಿನ್ನೊಳಗೂ ಇದೆ, ನನ್ನೊಳಗೂ ಇದೆ. ಕಣ್ಣಿಗೆ ಕಾಣದಷ್ಟು ಸಣ್ಣ ಮನೆಗಳು, ಗೋಡೆಗೆ ಗೋಡೆ ಅಂಟಿಕೊಂಡು. ನಡುವೆ ಕೆಂಪು ಹೊಳೆ. ಮೂಗಿನ ಬಾಗಿಲಿಂದ ಬಂದು ಹೋಗುವ ಉಸಿರುಗಾಳಿ.

ಊರಿಗೆ ಕಾವಲುಗಾರರು ಬಹಳ. ಅವರಲ್ಲೊಬ್ಬ ಸುತ್ತಣ್ಣ. ಒಂದು ಕಡೆ ಕೂರುವ ಆಳಲ್ಲ. ಕೆಂಪು ಹೊಳೆಯಲ್ಲಿ ತೇಲಿಕೊಂಡು ಹೋಗಿ, ಕಂಡ ಓಣಿಯಲ್ಲಿ ಇಳಿದು, ಮನೆಮನೆಯ ಮುಂದೆ ನಿಂತು ಕೇಳುವನು: "ಊಟ ಆಯ್ತಾ? ಏನು ಸಾರು?"

"ಆಯ್ತು ಅಣ್ಣಯ್ಯ, ಹುರುಳಿ ಸಾರು."

"ಆಯ್ತು, ಬಸ್ಸಾರು."

ಸರಿ ಅಂದುಕೊಂಡು ಮುಂದಿನ ಮನೆಗೆ ಹೋಗುವನು.

ಒಬ್ಬೊಬ್ಬ ಕಾವಲುಗಾರನ ಮೂಗಿಗೂ ಒಬ್ಬನೇ ಒಬ್ಬ ಕಳ್ಳನ ವಾಸನೆ ಗೊತ್ತು. ಹುಟ್ಟಿನಿಂದಲೇ ಬಂದದ್ದು. ಆದರೆ ಸುತ್ತಣ್ಣನ ಮೂಗಿನ ಕಳ್ಳ ಮಾತ್ರ ಆ ಊರಿಗೆ ಬಂದೇ ಇರಲಿಲ್ಲ. ಕೆಂಪು ಹೊಳೆ ನಗುತ್ತಿತ್ತು.

"ಏನಪ್ಪಾ, ಇವತ್ತೂ ಪುಕ್ಕಟೆ ಸವಾರಿನಾ? ಒಂದು ದಿನವಾದರೂ ಕೆಲಸ ಮಾಡಿದ್ದು ಉಂಟಾ?"

"ಬರುತ್ತೆ ಬರುತ್ತೆ, ನನ್ನ ದಿನಾನೂ ಬರುತ್ತೆ. ನೀನು ಹರಿ."

ಆ ದಿನಗಳೇ ಹಾಗಿದ್ದವು. ಕೇಳಿದವನು ಕೇಳಿದ, ಹೇಳಿದವಳು ಹೇಳಿದಳು, ಮುಗಿಯಿತು. ಹೇಳಿದ್ದನ್ನು ತೋರಿಸು ಅಂತ ಯಾರೂ ಯಾರನ್ನೂ ಕೇಳುತ್ತಿರಲಿಲ್ಲ. ಹೊಟ್ಟೆ ಹಸಿದಿದ್ದರೂ "ಊಟ ಆಯ್ತಾ" ಅಂದರೆ "ಆಯ್ತು" ಅನ್ನುವುದೇ ಮರ್ಯಾದೆ.

ಒಂದು ದಿನ ಉಸಿರುಗಾಳಿಯ ಬೆನ್ನೇರಿ ಒಬ್ಬ ನೆಂಟ ಬಂದ.

"ಯಾರಪ್ಪ ನೀನು?" ಗಾಳಿ ಕೇಳಿತು.

"ಇಲ್ಲೇ ಗಂಟಲ ಓಣೀಲಿ ಇಳಿಸಿಬಿಡು. ನಮ್ಮೋರ ಮನೆ ಇದೆ."

ಗಾಳಿ ಇಳಿಸಿತು. ಗಾಳಿಗೆ ಯಾರನ್ನೂ ಬೇಡ ಅನ್ನೋಕೆ ಬರೋದಿಲ್ಲ.

ಗಂಟಲ ಓಣಿಯಲ್ಲಿ ಬೋರವ್ವನ ಮನೆ. ಸಾರಿಗೆ ಹೆಸರಾದವಳು. ಅವಳು ಒಗ್ಗರಣೆ ಹಾಕಿದರೆ ಓಣಿಯ ತುದಿಯವರೆಗೂ ಘಂ ಅನ್ನುತ್ತಿತ್ತು. ನೆಂಟ ಒಳಗೆ ಬಂದವನೇ ಕದ ಹಾಕಿದ. ಒಲೆಯ ಮುಂದೆ ತಾನೇ ಕೂತ. ಅವಳದೇ ಪಾತ್ರೆ, ಅವಳದೇ ಸೌದೆ, ಅವಳದೇ ಹಿಟ್ಟು. ಅದರಲ್ಲಿ ಅವನು ಮಾಡಿದ್ದು ಸಾರಲ್ಲ, ತನ್ನಂಥ ನೆಂಟರನ್ನೇ. ಒಬ್ಬ ಹತ್ತಾದ, ಹತ್ತು ನೂರಾಯಿತು.

"ಯಾರು ಕೇಳಿದರೂ ಆಯ್ತು ಅನ್ನು. ಬೇರೆ ಮಾತು ಬಾಯಿಂದ ಬಿತ್ತೋ, ನೋಡು ಮತ್ತೆ," ಅಂತ ಗದರಿಸಿದ.

ಮಧ್ಯಾಹ್ನ ಸುತ್ತಣ್ಣ ಬಂದ.

"ಬೋರವ್ವಾ, ಊಟ ಆಯ್ತಾ?"

"ಆಯ್ತು ಅಣ್ಣಯ್ಯ."

"ಏನು ಸಾರು?"

ಅದಕ್ಕೂ ಮತ್ತೆ ಅದೇ ಮಾತು: "ಆಯ್ತು ಅಣ್ಣಯ್ಯ."

ಒಗ್ಗರಣೆಯ ವಾಸನೆ ಇಲ್ಲವಲ್ಲ ಅಂತ ಸುತ್ತಣ್ಣನಿಗೆ ಅನ್ನಿಸಿತು. ಆದರೆ ಆಯ್ತು ಅಂದ ಹೆಣ್ಣುಮಗಳ ಕದ ತಟ್ಟಿ, ಎಲ್ಲಿ ತೋರಿಸು ಅನ್ನೋದು ಹೇಗೆ? ಸಂಕೋಚ. ಮುಂದೆ ಹೋದ. ಮಾರನೆಯ ದಿನವೂ ಕೇಳಿದ. ಆಯ್ತು ಅಂದಳು. ಮುಂದೆ ಹೋದ.

ಮೂರನೆಯ ದಿನ ಗಂಟಲ ಓಣಿಯಲ್ಲಿ ಹತ್ತಾರು ಕದ ಮುಚ್ಚಿದ್ದವು. ಹೊರಗೆ ಹೊನ್ನಿಯ ಅವ್ವ ಗಂಜಿ ಬಟ್ಟಲು ಹಿಡಿದು ಕೂತಿದ್ದಳು.

"ಒಂದೇ ಒಂದು ಗುಟುಕು, ನನ್ನ ಬಂಗಾರ."

ಹೊನ್ನಿ ತಲೆ ಅಲ್ಲಾಡಿಸಿದಳು. ನುಂಗೋಕೆ ಆಗಲಿಲ್ಲ. ನೆಂಟರ ದಂಡು ಹೀಗೇ ಎದೆಗೆ ಇಳಿದಿದ್ದರೆ ಉಸಿರುಗಾಳಿಯ ದಾರಿಯೇ ಮುಚ್ಚಿಹೋಗುತ್ತಿತ್ತು. ಆಮೇಲೆ ಹೊನ್ನಿಯೂ ಇಲ್ಲ, ಊರೂ ಇಲ್ಲ.

ಆ ಓಣಿಯಲ್ಲೇ ಕೊಂಬೆಕ್ಕ ಅಂತ ಒಬ್ಬಳಿದ್ದಳು. ಮೈತುಂಬ ಮರದ ಕೊಂಬೆಯ ಹಾಗೆ ಕೈಗಳು. ಯಾರ ಮನೆಯ ಕಸ ಕಂಡರೂ ಕೆದಕುವವಳು. "ನಿನಗ್ಯಾಕೆ ಊರ ಉಸಾಬರಿ?" ಅಂತ ಎಲ್ಲರ ಬಾಯಲ್ಲೂ ಬೈಸಿಕೊಳ್ಳುವವಳು. ಬೋರವ್ವನ ಮನೆಯ ಹಿಂದೆ ಅವಳಿಗೆ ನೆಂಟನ ಅಂಗಿಯ ಒಂದು ಚೂರು ಸಿಕ್ಕಿತು. ಎತ್ತಿಕೊಂಡು ದವಡೆಯ ಕೆಳಗಿನ ಕಟ್ಟೆಗೆ ಓಡಿದಳು. ಕಾವಲುಗಾರರು ದಣಿವಾರಿಸಿಕೊಳ್ಳುವ ಕಟ್ಟೆ ಅದು. ಅವರೆಕಾಳಿನಷ್ಟು ಸಣ್ಣದು.

"ಮೂಸಿ ನೋಡ್ರೋ! ಇದು ಯಾರ ಪಾಲಿನ ಕಳ್ಳ?"

"ನನ್ನೋನಲ್ಲ ಕಣಕ್ಕ." "ನನ್ನೋನೂ ಅಲ್ಲ."

ಸುತ್ತಣ್ಣನ ಸರದಿ ಬಂತು. ಮೂಸಿದ. ಅವನ ಮೂಗು ಹುಟ್ಟಿನಿಂದ ಕಾಯುತ್ತಿದ್ದ ವಾಸನೆ ಅದೇ.

"ಎಲ್ಲಿ ಸಿಕ್ಕಿತಕ್ಕ ಇದು?"

"ಬೋರವ್ವನ ಹಿತ್ತಲಲ್ಲಿ."

ಸುತ್ತಣ್ಣ ಕುಸಿದು ಕೂತ. "ಎರಡು ದಿನ ಕೇಳಿದೆ. ಆಯ್ತು ಅಂದಳು."

"ಅಂದಳು, ನೀನು ನಂಬಿದೆ. ದೊಡ್ಡ ಮರ್ಯಾದಸ್ಥ! ಏಳು ಈಗ."

ಸುತ್ತಣ್ಣ ಎದ್ದ. ಎದ್ದವನು ಇಬ್ಬರಾದ. ಇಬ್ಬರು ನಾಲ್ವರಾದರು, ನಾಲ್ವರು ಎಂಟಾದರು, ಹಾಗೇ ಸಾವಿರವಾದರು. ಎಲ್ಲರಿಗೂ ಅದೇ ಮೂಗು, ಅದೇ ಸಿಟ್ಟು. ಕೂರೋಕೆ ಜಾಗ ಸಾಲದೆ ಅವರೆಕಾಳಿನಂಥ ಕಟ್ಟೆ ನೆಲ್ಲಿಕಾಯಿಯಷ್ಟು ಊದಿತು. ಕಳ್ಳ ಬಂದಿದ್ದಾನೆ ಅಂತ ಊರೆಲ್ಲ ಡಂಗುರ ಸಾರಿದರು. ಡಂಗುರ ಕೇಳಿ ಊರಿಗೆ ಊರೇ ಕಾದುಹೋಯಿತು. ಕೆಂಪು ಹೊಳೆ ಈ ಸಲ ನಗಲಿಲ್ಲ. "ಹತ್ತಿಕೋ ಸುತ್ತಣ್ಣ, ಬೇಗ ಹತ್ತಿಕೋ," ಅಂತ ಓಡೋಡಿ ಹರಿಯಿತು.

ಸುತ್ತಣ್ಣ ಬೋರವ್ವನ ಕದದ ಮುಂದೆ ನಿಂತ.

"ಬೋರವ್ವಾ. ಊಟ ಆಯ್ತಾ?"

"ಆಯ್ತು ಅಣ್ಣಯ್ಯ."

ಬಾಯಿ ಹಾಗಂದಿತು. ಆದರೆ ಡಂಗುರ ಅವಳ ಗೋಡೆಗೂ ಕೇಳಿಸಿತ್ತು. ನೆಂಟ ಅವಳ ಬಾಯಿಗೆ ಕಾವಲು ಕೂತಿದ್ದ, ಕೈಗೆ ಕೂತಿರಲಿಲ್ಲ. ಕದದ ಕೆಳಗಿನ ಸಂದಿನಿಂದ ಒಂದು ಮುತ್ತುಗದೆಲೆ ಮೆಲ್ಲಗೆ ಹೊಸ್ತಿಲಿಗೆ ಬಂತು. ಅದರ ಮೇಲೆ, ಒಳಗೆ ಕುದಿಯುತ್ತಿದ್ದದ್ದರ ಒಂದು ಚಮಚ.

ಸುತ್ತಣ್ಣ ಬಗ್ಗಿ ಮೂಸಿದ. ಅದೇ ವಾಸನೆ.

"ನಾನು ಮುಟ್ಟಿದರೆ ಮನೆ ಉಳಿಯೋದಿಲ್ಲ ಕಣವ್ವ," ಅಂದ.

"ಗೊತ್ತು." ಈಗ ಅವಳು ನೆಂಟನಿಗೆ ಹೆದರಲಿಲ್ಲ, ಗಟ್ಟಿಯಾಗೇ ಹೇಳಿದಳು. "ಪಕ್ಕದ ಮನೆಗಳಾದರೂ ಉಳೀಲಿ. ಕೂಸು ಗಂಜಿ ಕುಡೀಲಿ. ಮೊನ್ನೇನೇ ನೀನು ಕದ ತಟ್ಟಬಾರದಿತ್ತಾ ಅಣ್ಣಯ್ಯ?"

ಸುತ್ತಣ್ಣ ಕದದ ಹತ್ತಿರ ಸರಿದ. ಗೋಡೆಗೆ ಕೈಯಿಟ್ಟ. ಮನೆ ತನ್ನ ಮೇಲೆ ತಾನೇ ಕುಸಿಯಿತು. ಒಲೆ ಆರಿತು. ಒಲೆ ಇಲ್ಲದ ನೆಂಟ ಏನು ಮಾಡಿಯಾನು? ಅಲ್ಲೇ ಮುಗಿದ.

ಅದನ್ನು ನೋಡಿದ ಓಣಿಯವರು ಯಾರೂ ಕೇಳದೆಯೇ ಒಂದೊಂದು ಎಲೆ ಹೊರಗೆ ತಳ್ಳಿದರು. ಹುರುಳಿ ಸಾರಿದ್ದ ಮನೆಗೆ ಕೈಮುಗಿದು ಸುತ್ತಣ್ಣಂದಿರು ಮುಂದೆ ಹೋದರು. ನೆಂಟ ಹೊಕ್ಕಿದ್ದ ಮನೆ ಬಿತ್ತು. ಏಳನೆಯ ದಿನ ಹೊನ್ನಿ ಕಣ್ಣು ಬಿಟ್ಟು, "ಅವ್ವಾ, ಗಂಜಿ," ಅಂದಳು.

ಅಂದಿನಿಂದ ಆ ಊರಿನಲ್ಲಿ ಬಾಯಿಮಾತನ್ನು ನಂಬೋದು ಬಿಟ್ಟರು. ಪ್ರತಿ ಮನೆಯೂ ಒಳಗೆ ಬೇಯುವುದರ ಒಂದು ಚಮಚವನ್ನು ಹೊಸ್ತಿಲ ಮೇಲೆ ಇಡಲೇಬೇಕು. ಎಲೆ ಇಡದ ಮನೆಯನ್ನಂತೂ ಬಿಡುವುದೇ ಇಲ್ಲ. ಒಳ್ಳೆಯದೇ ಆಯಿತು ಬಿಡು. ಆದರೂ ಬರೀ ಮಾತಿಗೇ ಮನೆ ದಾಟಿ ಹೋಗುತ್ತಿದ್ದ ಆ ದಿನಗಳ ಸೊಗಸು ಮತ್ತೆ ಬರಲಿಲ್ಲ.

ಆ ಸಾವಿರ ಸುತ್ತಣ್ಣಂದಿರಲ್ಲಿ ಉಳಿದವರು ನಾಲ್ಕೇ ಮುದುಕರು. ಅವರು ಇನ್ನೂ ತಿರುಗುತ್ತಲೇ ಇದ್ದಾರೆ. ಬೋರವ್ವನ ಜಾಗದಲ್ಲಿ ಈಗ ಬೇರೆ ಮನೆ. ಆ ಮನೆಯವಳು ಎಲೆ ಇಟ್ಟರೆ ಮೂಸಿ, "ಒಗ್ಗರಣೆ ಸಾಲದು ಕಣವ್ವ. ಹಿಂದೆ ಇಲ್ಲಿ ಒಬ್ಬಳಿದ್ದಳು..." ಅಂತ ಶುರುಮಾಡುತ್ತಾರೆ. ಅವಳು ನಗುತ್ತಾಳೆ: "ದಿನಾ ಅದೇ ಹೇಳ್ತೀರಿ!" ಅದೇ ವಾಸನೆಯ ಇನ್ನೊಬ್ಬ ನೆಂಟ ಆಮೇಲೊಮ್ಮೆ ಬಂದಿದ್ದನಂತೆ. ಅವನು ಮೆಟ್ಟಿಲು ಹತ್ತುವ ಮೊದಲೇ ಮುದುಕರು ಹಿಡಿದರು. ಹೊನ್ನಿಗೆ ಗೊತ್ತೂ ಆಗಲಿಲ್ಲ.

ಅದಕ್ಕೇ ಮಗಾ, ಇವತ್ತಿಗೂ ಗಂಟಲು ನೋಯುವಾಗ ಮೈ ಕಾಯುತ್ತೆ, ದವಡೆಯ ಕೆಳಗೆ ನೆಲ್ಲಿಕಾಯಿಯಂಥ ಗಂಟೊಂದು ಕೈಗೆ ಸಿಗುತ್ತೆ; ಮೆಲ್ಲಗೆ ಮುಟ್ಟು, ಕಟ್ಟೆಯ ಮೇಲೆ ಜನ ಸೇರಿದ್ದಾರೆ.